ಹಳೇ ಬೋರ್ಡಿಗೆ ಹೊಸ ಹಾಸು

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ಶೋರ್‌ಲೈನ್ ಎಂಬ ಉಪ್ಪುನೀರಿನ ಕೆರೆಯಿದೆ. ಬೇಸಿಗೆಯಲ್ಲಿ ಊಟದ ಹೊತ್ತು ಕಳೆಯಿತೆಂದರೆ ಅಲ್ಲಿ ವಾಯವ್ಯದ ಗಾಳಿ ಏಳುತ್ತದೆ. ಅಲೆಗಳ ಕಾಟವಿಲ್ಲ, ಬಿದ್ದರೆ ದಡ ದೂರವಿಲ್ಲ. ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಸಿಲಿಕಾನ್ ಕಣಿವೆಯ ಕೆಲಸಕ್ಕೆಂದು ಬಂದ ನಾನು ಹಾಯಿ ಹಿಡಿದು ಮೊದಲ ಸಲ ನಿಂತದ್ದು, ಬಿದ್ದದ್ದು, ಮತ್ತೆ ನಿಂತದ್ದು ಅಲ್ಲೇ. ಪಳಗಿದವರು ಸ್ಯಾನ್ ಮಟೇಯೋದ ಕೊಯೋಟಿ ಪಾಯಿಂಟಿಗೋ ಗೋಲ್ಡನ್ ಗೇಟ್ ಸೇತುವೆ ಪಕ್ಕದ ಕ್ರಿಸ್ಸಿ ಫೀಲ್ಡಿಗೋ ಹೋಗುತ್ತಾರೆ. ಅಲ್ಲಿನ ಗಾಳಿಗೂ ಸೆಳವಿಗೂ ಬೇರೆಯೇ ತಾಕತ್ತು ಬೇಕು.

ಕಲಿತ ಮೇಲೆ ಸ್ವಂತ ಬೋರ್ಡ್ ಬೇಕೆನಿಸಿತು. ಹೊಸದಕ್ಕೆ ದುಡ್ಡು ಸುರಿಯುವ ಮನಸ್ಸಾಗದೆ, ಯಾರದೋ ಗ್ಯಾರೇಜಿನ ಮೂಲೆಯಲ್ಲಿ ವರ್ಷಗಳಿಂದ ಒರಗಿದ್ದ ಅಗಲವಾದ ಕಲಿಕೆಯ ಬೋರ್ಡೊಂದನ್ನು ಅಗ್ಗಕ್ಕೆ ತಂದೆ. ತಳ ಚೆನ್ನಾಗಿತ್ತು, ಫಿನ್ ಗಟ್ಟಿಯಾಗಿತ್ತು. ಆದರೆ ನಿಲ್ಲುವ ಮೇಲ್ಮೈಗೆ ಹಾಸಿದ್ದ ಫೋಮ್ ಮಾತ್ರ ಹಳೇ ಹವಾಯಿ ಚಪ್ಪಲಿಯ ಅಟ್ಟೆಯಂತೆ ಸವೆದು, ಬಿರಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಮೊದಲ ದಿನ ನೀರಿಗಿಳಿದು ಬಂದಾಗ ಅಂಗಾಲು, ಮಂಡಿ, ಈಜುಡುಗೆಗೆಲ್ಲ ನೀಲಿ ಪುಡಿ ಮೆತ್ತಿತ್ತು. ನೀರಿನ ಮೇಲೂ ಅದೇ ಪುಡಿ ತೇಲುತ್ತಿತ್ತು. ಅದನ್ನು ನೋಡಿ ಬಹಳ ಕಸಿವಿಸಿಯಾಯಿತು.

ಇಂಥ ಬೋರ್ಡುಗಳನ್ನು ಬಹಳ ಜನ ಎಸೆದುಬಿಡುತ್ತಾರೆ. ಎಸೆಯಬಾರದು. ಫೋಮ್ ಹಾಸು ಚಪ್ಪಲಿಯ ಅಟ್ಟೆಯಿದ್ದ ಹಾಗೆ, ಸವೆಯುವುದಕ್ಕೆಂದೇ ಇರುವಂಥದ್ದು. ಅದು ಹೋದ ಮಾತ್ರಕ್ಕೆ ಬೋರ್ಡ್ ಹೋದಂತಲ್ಲ. ಒಳಗಿನ ಥರ್ಮೋಕೋಲ್ ಒಣಗಿದ್ದು, ಹೊರಗಿನ ಚಿಪ್ಪು ಗಟ್ಟಿಯಿದ್ದರೆ ಎರಡು ವಾರಾಂತ್ಯದ ಕೆಲಸದಲ್ಲಿ ಅದಕ್ಕೆ ಇನ್ನೊಂದು ಆಯಸ್ಸು ಕೊಡಬಹುದು. ನಾನು ಇಲ್ಲಿಯವರೆಗೆ ಮೂರು ಬೋರ್ಡುಗಳಿಗೆ ಹಾಸು ಬದಲಿಸಿದ್ದೇನೆ. ಮೊದಲನೆಯದರಲ್ಲಿ ಮಾಡಿದ ತಪ್ಪು ನಿಮಗೂ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೋರ್ಡ್ ಯಾವುದರಿಂದ ಮಾಡಿದ್ದು?

ಅಂಟು, ಥಿನ್ನರ್, ಬ್ಲೇಡು ಕೊಳ್ಳುವ ಮುಂಚೆ ಇದಕ್ಕೆ ಉತ್ತರ ಬೇಕು. ಬೋರ್ಡುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಹಳೇ ಕಾಲದ್ದು.

ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಇದೇ ಕ್ಯಾಲಿಫೋರ್ನಿಯಾದಲ್ಲಿ 1968ರಲ್ಲಿ ತಮ್ಮ ಹಾಯಿಹಲಗೆಗೆ ಪೇಟೆಂಟ್ ಅರ್ಜಿ ಹಾಕಿದರು, 1970ರಲ್ಲಿ ಅದು ಮಂಜೂರಾಯಿತು. ಇಂಗ್ಲೆಂಡಿನಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹುಡುಗ 1958ರಲ್ಲೇ ಅಂಥದ್ದೊಂದನ್ನು ಕಟ್ಟಿ ತೇಲಿಸಿದ್ದನೆಂಬುದು ಮುಂದೆ ಅಲ್ಲಿನ ನ್ಯಾಯಾಲಯದಲ್ಲಿ ದೊಡ್ಡ ವ್ಯಾಜ್ಯವೇ ಆಯಿತು. ಶ್ವೈಟ್ಜರ್ ಅವರ ಕಂಪನಿ ಮಾರಿದ ಹನ್ನೆರಡು ಅಡಿ ಉದ್ದದ ಬೋರ್ಡುಗಳ ಮೈ ಪಾಲಿಥೀನ್. ನಮ್ಮ ಮನೆಯ ಬಕೆಟ್ಟು, ಡ್ರಮ್ಮುಗಳ ಜಾತಿಯದೇ ಪ್ಲಾಸ್ಟಿಕ್. ಅದರ ಮೇಲೆ ಯಾವ ಅಂಟೂ ನೆಟ್ಟಗೆ ನಿಲ್ಲುವುದಿಲ್ಲ. ಉಗುರಿನಿಂದ ಗೀರಿದರೆ ಮೇಣದ ಹಾಗೆ ಜಾರುವ, ಎತ್ತಿದರೆ ಭಾರವೆನಿಸುವ, ಎಪ್ಪತ್ತು ಎಂಬತ್ತರ ದಶಕದ ಉದ್ದನೆಯ ಬೋರ್ಡ್ ನಿಮ್ಮದಾಗಿದ್ದರೆ ಅದಕ್ಕೆ ಫೋಮ್ ಅಂಟಿಸುವ ಪ್ರಯತ್ನ ಬೇಡ. ಅದರ ಮೈಮೇಲೆ ಅಚ್ಚಿನಲ್ಲೇ ಮೂಡಿಸಿದ ತರಿತರಿ ಇರುತ್ತದೆ. ಗಟ್ಟಿ ಬ್ರಷ್ಷು, ಸೋಪು ಹಾಕಿ ಉಜ್ಜಿದರೆ ಆ ಹಿಡಿತ ತಕ್ಕಮಟ್ಟಿಗೆ ಮರಳಿ ಬರುತ್ತದೆ.

ಎರಡನೆಯದು, ಹಾಳೆಯಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಅಚ್ಚೊತ್ತಿದ ಬೋರ್ಡುಗಳು. ಶಾಲೆಗಳಲ್ಲಿ, ಬಾಡಿಗೆ ಅಂಗಡಿಗಳಲ್ಲಿ ಇವು ಹೆಚ್ಚು. ಇವಕ್ಕೆ ಅಂಟು ಹಿಡಿಯುತ್ತದೆ, ಆದರೆ ಅಸಿಟೋನ್ ತಾಗಿದರೆ ಮೈ ಕರಗಿ ಬೆಲ್ಲದ ಪಾಕದಂತಾಗುತ್ತದೆ. ಮೂರನೆಯದು ಥರ್ಮೋಕೋಲ್ ತಿರುಳಿನ ಮೇಲೆ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಹೊದಿಸಿದ್ದು. ಹಗುರ, ಗಟ್ಟಿ, ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನುವ ಸದ್ದು. ಕಳೆದ ಎರಡು ಮೂರು ದಶಕಗಳಲ್ಲಿ ಬಂದ, ಒಂದು ಮೀಟರಿನ ಆಸುಪಾಸು ಅಗಲವಿರುವ ಕಲಿಕೆಯ ಬೋರ್ಡುಗಳಲ್ಲಿ ಬಹುಪಾಲು ಇಂಥವೇ. ಮೇಲ್ಮೈ ಪೂರ್ತಿ ಫೋಮ್ ಹಾಸಿರುವುದೂ ಇವಕ್ಕೇ. ಈ ಲೇಖನ ಮುಖ್ಯವಾಗಿ ಇವುಗಳಿಗಾಗಿ. ನಿಮ್ಮದು ಯಾವ ಬಗೆಯೆಂದು ತಿಳಿಯದಿದ್ದರೆ, ಯಾವ ದ್ರಾವಣ ಬಳಸುವ ಮುಂಚೆಯೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಹಾಕಿ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ, ಮೈ ಜಿಗುಟಾದರೆ ಅದನ್ನು ಬಳಸಬೇಡಿ.

ಹಾಸು ಹಾಳಾಗುವುದೇಕೆ?

ಈ ಫೋಮಿನ ಹೆಸರು ಇವಿಎ. ಎಥಿಲೀನ್ ವಿನೈಲ್ ಅಸಿಟೇಟ್ ಎಂಬುದರ ಮೊದಲಕ್ಷರಗಳು. ಕೆಲವು ಯೋಗದ ಚಾಪೆಗಳಿಗೆ, ಶೂಗಳ ಒಳಹಾಸಿಗೆ, ಮಕ್ಕಳ ಕೋಣೆಯಲ್ಲಿ ಒಂದಕ್ಕೊಂದು ಸೇರಿಸಿ ಹಾಸುವ ಬಣ್ಣದ ಚೌಕಗಳಿಗೆ ಬಳಸುವುದು ಇದನ್ನೇ. ಇದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ, ಹಾಗಾಗಿ ಸ್ಪಂಜಿನಂತೆ ನೀರು ಕುಡಿಯುವುದಿಲ್ಲ. ಒದ್ದೆ ಕಾಲಿಗೆ ಹಿಡಿತ ಕೊಡುತ್ತದೆ. ಹಾಯಿ ಎತ್ತಲು ಮತ್ತೆ ಮತ್ತೆ ಮಂಡಿಯೂರುವ ಹೊಸಬರ ಚರ್ಮ ಉಳಿಸುತ್ತದೆ. ನೆಗೆದು ಇಳಿಯುವವರ ಹಿಮ್ಮಡಿಯ ಪೆಟ್ಟನ್ನು ನುಂಗುತ್ತದೆ. ಆ ಪೆಟ್ಟು ನೇರವಾಗಿ ಚಿಪ್ಪಿಗೆ ಬಿದ್ದರೆ ಬಿರುಕು ಬಿಡಬಹುದು.

ಇದರ ಶತ್ರು ಬಿಸಿಲು. ನೇರಳಾತೀತ ಕಿರಣ ವರ್ಷಗಟ್ಟಲೆ ಬಿದ್ದರೆ ಮೇಲ್ಪದರ ಗಡುಸಾಗಿ ಪುಡಿಯಾಗುತ್ತದೆ. ವಯಸ್ಸಾದಂತೆ ಫೋಮ್ ಕುಗ್ಗುತ್ತದೆ ಕೂಡ, ಅದಕ್ಕೇ ಹಳೇ ಬೋರ್ಡುಗಳ ಅಂಚಿನಲ್ಲಿ ಬೆರಳಗಲ ಅಂಟು ಬರಿದಾಗಿ ಕಾಣುವುದು. ಅಂಚು ಎದ್ದರೆ ಉಪ್ಪುನೀರು, ಮರಳು ಒಳಸೇರಿ ಮಿಕ್ಕದ್ದನ್ನೂ ಎಬ್ಬಿಸುತ್ತವೆ.

ಫೋಮ್ ಇನ್ನೂ ಮೃದುವಾಗಿದ್ದು, ಒತ್ತಿದರೆ ಪುಟಿದೇಳುತ್ತಿದ್ದು, ಅಂಚು ಮಾತ್ರ ಎದ್ದಿದ್ದರೆ ಪೂರ್ತಿ ಬದಲಿಸುವ ಅಗತ್ಯವಿಲ್ಲ. ಅಡಿಯನ್ನು ಸಿಹಿನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ಅಲ್ಲಿಗೆ ಮಾತ್ರ ಅಂಟು ಹಾಕಿದರೆ ಸಾಕು. ಉಗುರಿಗೆ ಪುಡಿ ಬರುತ್ತಿದ್ದರೆ ತೇಪೆಯ ಮಾತು ಬಿಡಿ, ಎಲ್ಲವನ್ನೂ ಕೀಳಿ.

ಕೀಳುವ ಕೆಲಸ

ಹಳೆಯದನ್ನು ಕೀಳುವ ಮುಂಚೆ ಅದರ ಅಚ್ಚು ತೆಗೆದುಕೊಳ್ಳಿ. ಕಾಲು ತೂರಿಸುವ ಫುಟ್‌ಸ್ಟ್ರಾಪುಗಳನ್ನು ಬಿಚ್ಚಿ, ದೊಡ್ಡ ಕಂದು ಕಾಗದವನ್ನು ಬೋರ್ಡಿನ ಮೇಲೆ ಹರಡಿ, ಟೇಪು ಹಚ್ಚಿ, ಫೋಮಿನ ಅಂಚನ್ನು ಪೆನ್ಸಿಲ್ಲಿನಿಂದ ತೀಡಿ. ಹಾಯಿಗಂಬ ಕೂರುವ ಮಾಸ್ಟ್ ಟ್ರ್ಯಾಕಿನ ಸೀಳು, ತಳದಿಂದ ನೀರಿಗಿಳಿಯುವ ಡ್ಯಾಗರ್‌ಬೋರ್ಡಿನ ಸಂದು, ಸ್ಟ್ರಾಪುಗಳ ತೂತುಗಳು, ವೆಂಟ್ ಸ್ಕ್ರೂ, ಎಲ್ಲವೂ ಆ ಕಾಗದದಲ್ಲಿ ಮೂಡಬೇಕು. ತೂತಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲನ್ನು ಅಡ್ಡ ಹಿಡಿದು ತಿಕ್ಕಿದರೆ ನಾಣ್ಯದ ಚಿತ್ರ ಮೂಡುವ ಹಾಗೆ ತೂತಿನ ಅಂಚು ಮೂಡುತ್ತದೆ. ಫೋಮ್ ಕುಗ್ಗಿದೆ ಎಂಬುದು ನೆನಪಿರಲಿ. ಅಂಟಿನ ಹಳೇ ಗೆರೆ ಎಲ್ಲಿಯವರೆಗಿದೆಯೋ ಅದೇ ನಿಜವಾದ ಅಳತೆ.

ಬಿಚ್ಚಿದ ಸ್ಟ್ರಾಪುಗಳ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಹಚ್ಚಿ. ವೆಂಟ್ ಸ್ಕ್ರೂವನ್ನೂ ಸಡಿಲಿಸಿ. ಒಳಗಿನ ಥರ್ಮೋಕೋಲಿನ ಗಾಳಿ ಬಿಸಿಗೆ ಹಿಗ್ಗಿದಾಗ ಹೊರಬರಲು ಇರುವ ದಾರಿ ಅದೊಂದೇ. ಬೋರ್ಡನ್ನು ಬಿಸಿ ಮಾಡುವಾಗ ಅದು ಮುಚ್ಚಿದ್ದರೆ ಚಿಪ್ಪು ತಿರುಳನ್ನು ಬಿಟ್ಟು ಉಬ್ಬಬಹುದು.

ಒಂದು ಮೂಲೆಗೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ಬಣ್ಣ ಬಳಿಯುವವರು ಪುಟ್ಟಿ ಹಚ್ಚಲು ಬಳಸುವ ಅಗಲ ಬ್ಲೇಡಿನಂಥ ಪ್ಲಾಸ್ಟಿಕ್ ಪಟ್ಟಿಯನ್ನು ಅಡಿಗೆ ತೂರಿಸಿ. ಮೂಲೆ ಎದ್ದ ಮೇಲೆ ಮೇಲಕ್ಕೆ ಎಳೆಯಬೇಡಿ. ಬಾಳೆ ಎಲೆ ಮಡಿಸುವ ಹಾಗೆ ಹಿಂದಕ್ಕೆ ಮಡಚಿ, ಬೋರ್ಡಿಗೆ ಸಮಾನಾಂತರವಾಗಿ ಎಳೆಯಿರಿ. ಅಂಟು ಬಿಟ್ಟುಕೊಡುವುದು ಆಗಲೇ. ಕೈ ಇಡಲಾಗದಷ್ಟು ಬಿಸಿ ಎಲ್ಲೂ ಆಗಕೂಡದು. ಥರ್ಮೋಕೋಲ್ ನೂರು ಡಿಗ್ರಿ ಸೆಲ್ಸಿಯಸ್ ತಲುಪುವ ಮೊದಲೇ ಮೆತ್ತಗಾಗಿ ಕುಸಿಯುತ್ತದೆ. ಬಣ್ಣ ಸುಡುವ ಹೀಟ್ ಗನ್ನು ಅದರ ಹಲವು ಪಟ್ಟು ಬಿಸಿಗಾಳಿ ಉಗುಳುತ್ತದೆ. ಹೀಟ್ ಗನ್ನೇ ಬೇಕೆಂದರೆ ದೂರ ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸುತ್ತಿರಿ. ನನ್ನ ಮಟ್ಟಿಗೆ ಹೇರ್ ಡ್ರೈಯರೇ ಸರಿ. ಹೊತ್ತು ಹಿಡಿದರೂ ಅಪಾಯವಿಲ್ಲ.

ಪೂರಾ ಹಾಸು ಒಂದೇ ಸಲ ಎದ್ದು ಬರುವುದು ಅಪರೂಪ. ಹಳೆಯದಾದಷ್ಟೂ ಚೂರುಚೂರಾಗಿ ಹರಿದು, ಅಡಿಯಲ್ಲಿ ಅಂಟು ಮತ್ತು ಫೋಮಿನ ತೆಳುಪದರ ಉಳಿದುಬಿಡುತ್ತದೆ. ಇದನ್ನು ತೆಗೆಯುವುದೇ ಇಡೀ ಕೆಲಸದಲ್ಲಿ ಹೆಚ್ಚು ಬೇಸರದ್ದು. ಮರಳು ಕಾಗದ ತಿಕ್ಕುವ ಮೆಷಿನ್ ಹಿಡಿದು ಮುಗಿಸೋಣ ಎನಿಸುತ್ತದೆ. ಹಾಗೆ ಮಾಡಿದರೆ ಎರಡು ನಿಮಿಷದಲ್ಲಿ ಕಾಗದದ ತುಂಬ ಅಂಟು ಮೆತ್ತಿಕೊಳ್ಳುತ್ತದೆ. ತಂತಿ ಬ್ರಷ್ಷಿನ ಮೆಷಿನ್ ಇನ್ನೂ ಕೆಟ್ಟದು, ಗಾಜಿನ ನಾರನ್ನೇ ಕಿತ್ತು ತರುತ್ತದೆ. ನಾನು ಮಾಡುವುದು ಹೀಗೆ. ಒಂದು ಚದರಡಿಯಷ್ಟು ಜಾಗಕ್ಕೆ ಕಿತ್ತಳೆ ಸಿಪ್ಪೆಯೆಣ್ಣೆಯಿಂದ ಮಾಡಿದ ಅಂಟು ಕಳಚುವ ದ್ರಾವಣವನ್ನೋ ಮಿನರಲ್ ಟರ್ಪೆಂಟೈನನ್ನೋ ಹಳೇ ಬಟ್ಟೆಯಲ್ಲಿ ನೆನೆಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಲು ಗಂಟೆ ಬಿಡುತ್ತೇನೆ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ದೂಡಿದರೆ ಅಂಟು ಉಂಡೆ ಉಂಡೆಯಾಗಿ ಬರುತ್ತದೆ. ಆ ಜಾಗ ಮುಗಿಯುವಷ್ಟರಲ್ಲಿ ಪಕ್ಕದ ಜಾಗ ನೆನೆದಿರುತ್ತದೆ. ಕೊನೆಗೆ ಸೋಪು ನೀರಿನಿಂದ ತೊಳೆದು ಜಿಡ್ಡು ತೆಗೆಯಬೇಕು. ಕೈಗವಸು ಹಾಕಿಕೊಳ್ಳಿ, ಗ್ಯಾರೇಜಿನ ಬಾಗಿಲು ತೆರೆದಿಡಿ. ಬಿರುಕಿರುವ ಕಡೆ ಈ ದ್ರಾವಣಗಳನ್ನಾಗಲಿ ಅಸಿಟೋನ್, ಥಿನ್ನರುಗಳನ್ನಾಗಲಿ ಸುರಿಯಲೇಬೇಡಿ. ಬಿರುಕಿನಿಂದ ಇಳಿದ ದ್ರಾವಣ ಒಳಗಿನ ಥರ್ಮೋಕೋಲನ್ನು ಕರಗಿಸಿ ಗುಳಿ ಮಾಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಹಳೇ ಅಂಟು ಒಂದೊಂದು ಕಡೆ ತೆಳ್ಳಗೆ, ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಅದನ್ನು ಬಿಟ್ಟರೂ ನಡೆಯುತ್ತದೆ. ಕೈಯಾಡಿಸಿದಾಗ ಉಬ್ಬು ಸಿಗಬಾರದು, ಅಷ್ಟೆ. ಕಿತ್ತ ಪುಡಿಯನ್ನು ಅಂಗಳದಲ್ಲಿ ತೊಳೆದು ಬಿಡಬೇಡಿ, ಅದು ಮೋರಿ ಹಿಡಿದು ನೀರಿಗೇ ಸೇರುತ್ತದೆ. ಕೆಳಗೆ ಟಾರ್ಪಾಲು ಹಾಸಿಕೊಂಡು ಕೆಲಸ ಮಾಡಿ, ಎಲ್ಲವನ್ನೂ ಒಟ್ಟು ಮಾಡಿ ಚೀಲಕ್ಕೆ ಕಟ್ಟಿ.

ಹಾಸಿನಡಿಯ ಸತ್ಯ

ನಾನು ಎಡವಿದ್ದು ಇಲ್ಲಿ. ಮೊದಲ ಬೋರ್ಡಿನ ಹಾಸು ಕಿತ್ತಾಗ ಎಡಗಡೆ ಹಿಂದಿನ ಸ್ಟ್ರಾಪಿನ ಬಳಿ ಕೂದಲೆಳೆಯಂಥ ಗೆರೆ ಕಂಡಿತ್ತು. ಬಣ್ಣ ಬಿರಿದಿರಬೇಕು, ಹೇಗೂ ಮೇಲೆ ಫೋಮ್ ಬರುತ್ತದಲ್ಲ ಎಂದುಕೊಂಡು ಅದರ ಮೇಲೆಯೇ ಹೊಸ ಹಾಸು ಅಂಟಿಸಿದೆ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬನೇ ಎತ್ತುತ್ತಿದ್ದ ಬೋರ್ಡನ್ನು ಕಾರಿನ ಮೇಲೇರಿಸಲು ಇಬ್ಬರು ಬೇಕಾಯಿತು. ತೂಗಿದರೆ ಮೂರು ಕಿಲೋ ಹೆಚ್ಚಿತ್ತು. ಅಷ್ಟೂ ನೀರು. ಹೊಸದಾಗಿ ಅಂಟಿಸಿದ್ದನ್ನು ನಾನೇ ಕೀಳಬೇಕಾಯಿತು, ತಿರುಳು ಒಣಗಲು ಇಡೀ ಚಳಿಗಾಲ ಹಿಡಿಯಿತು.

ಆದ್ದರಿಂದ ಹಾಸು ಕಿತ್ತ ದಿನವನ್ನು ಬೋರ್ಡಿನ ತಪಾಸಣೆಯ ದಿನವೆಂದೇ ತಿಳಿಯಿರಿ. ಮತ್ತೆ ಆ ಮೈ ಕಾಣುವುದು ವರ್ಷಗಳ ಮೇಲೆ. ನಾಣ್ಯ ಹಿಡಿದು ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋಗಿ. ತೆಂಗಿನಕಾಯಿ ಬಡಿದು ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಟ್ಟಿ ಸದ್ದು ಬರುತ್ತಿದ್ದದ್ದು ಒಂದೆಡೆ ಇದ್ದಕ್ಕಿದ್ದಂತೆ ಟೊಳ್ಳು ಸದ್ದಾದರೆ, ಚಿಪ್ಪು ತಿರುಳಿನಿಂದ ಬಿಟ್ಟಿದೆ ಎಂದರ್ಥ. ಹೆಬ್ಬೆರಳಿನಿಂದ ಒತ್ತಿ. ತಗ್ಗಿ ಏಳುತ್ತಿದ್ದರೆ ಅನುಮಾನವೇ ಬೇಡ. ಹಿಮ್ಮಡಿ ಬೀಳುವ ಜಾಗ, ಮಾಸ್ಟ್ ಟ್ರ್ಯಾಕಿನ ಎರಡು ತುದಿ, ಸ್ಟ್ರಾಪಿನ ತೂತುಗಳ ಸುತ್ತ, ಹಾಯಿಗಂಬ ಬಿದ್ದು ಬಡಿಯುವ ಮೂತಿ, ಇಲ್ಲೆಲ್ಲ ಹೆಚ್ಚು ಹೊತ್ತು ಕೊಡಿ.

ಗೆರೆಯೊಂದು ಬರೀ ಬಣ್ಣದ್ದೋ ಒಳಗಿನವರೆಗಿನ ಬಿರುಕೋ ತಿಳಿಯಲು ಸುಲಭ ಉಪಾಯವಿದೆ. ವೆಂಟ್ ಸ್ಕ್ರೂ ಬಿಗಿದು, ನೆರಳಿನಲ್ಲಿದ್ದ ತಣ್ಣನೆ ಬೋರ್ಡನ್ನು ಎಳೆಬಿಸಿಲಿಗೆ ತಂದು, ಗೆರೆಯ ಮೇಲೆ ಸೋಪಿನ ನೀರು ಹಚ್ಚಿ. ಒಳಗಿನ ಗಾಳಿ ಹಿಗ್ಗಿದಂತೆ, ಬಿರುಕಿದ್ದರೆ ಅಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ. ಹತ್ತು ನಿಮಿಷ ನೋಡಿ ಮತ್ತೆ ನೆರಳಿಗೆ ತಂದು ಸ್ಕ್ರೂ ಸಡಿಲಿಸಿ. ಪಂಪು ಹಾಕಿ ಗಾಳಿ ತುಂಬಿಸುವ ಸಾಹಸ ಬೇಡ, ಚಿಪ್ಪು ಎದ್ದುಬಿಡುತ್ತದೆ.

ಬಿರುಕು ಸಿಕ್ಕಿತೆನ್ನಿ. ಮೊದಲು ಒಣಗಬೇಕು. ಬಿರುಕನ್ನು ಕೆಳಗೆ ಮಾಡಿ, ವೆಂಟ್ ತೆರೆದು, ಬೆಚ್ಚಗಿನ ಒಣ ಜಾಗದಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ತೂಗುತ್ತಿರಿ. ಎರಡು ವಾರ ತೂಕ ಇಳಿಯದೆ ನಿಂತರೆ ಒಣಗಿತೆಂದು ತಿಳಿಯಬಹುದು. ಆಮೇಲೆ ಬಿರುಕಿನ ಸುತ್ತ ಮೂರು ಬೆರಳಗಲ 80 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಗಾಜಿನ ನಾರಿನ ಬಟ್ಟೆಯ ಎರಡು ತುಂಡು, ಒಂದು ಚಿಕ್ಕದು, ಅದರ ಮೇಲೊಂದು ದೊಡ್ಡದು, ಎಪಾಕ್ಸಿಯಲ್ಲಿ ನೆನೆಸಿ ಹಾಸಬೇಕು. ಎಪಾಕ್ಸಿಯೇ ಆಗಬೇಕು. ನೀರಿನ ಟ್ಯಾಂಕು, ಕಾರಿನ ಬಂಪರುಗಳ ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗವಿರಬಹುದು, ಆದರೆ ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ತಿಂದುಹಾಕುತ್ತದೆ. ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಕಲಸಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಅದು ಎಂದಿಗೂ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಮರುದಿನ 120 ನಂಬರಿನಲ್ಲಿ ಉಜ್ಜಿ ಮಟ್ಟ ಮಾಡಿ. ಹಿಮ್ಮಡಿಯ ಜಾಗ ಅಂಗೈಯಗಲಕ್ಕಿಂತ ಹೆಚ್ಚು ಮೆತ್ತಗಾಗಿದ್ದರೆ ಅದು ಬೇರೆಯೇ ಕೆಲಸ. ಚಿಪ್ಪು ಕತ್ತರಿಸಿ ಒಳಗೆ ಗಟ್ಟಿ ಫೋಮ್ ಕೂರಿಸಬೇಕಾಗುತ್ತದೆ. ಅದನ್ನು ಸರ್ಫ್‌ಬೋರ್ಡ್ ರಿಪೇರಿ ಬಲ್ಲವರಿಗೆ ಕೊಡುವುದು ಒಳ್ಳೆಯದು.

ಹೊಸ ಫೋಮ್

ಅಮೆರಿಕದಲ್ಲಿ ಹೈಡ್ರೊ ಟರ್ಫ್, ಸೀಡೆಕ್ ಮುಂತಾದ ಕಂಪನಿಗಳು ದೋಣಿಗಳಿಗೆಂದೇ ಬಿಸಿಲು ತಾಳುವ ಇವಿಎ ಹಾಳೆಗಳನ್ನು ಮಾರುತ್ತವೆ. ಹಿಂಬದಿಗೆ ಅಂಟು ಬಳಿದದ್ದೂ ಸಿಗುತ್ತದೆ, ಬಳಿಯದ್ದೂ ಸಿಗುತ್ತದೆ. ಯೋಗದ ಚಾಪೆ ಕತ್ತರಿಸಿ ಅಂಟಿಸಿದವರನ್ನು ನೋಡಿದ್ದೇನೆ. ಕೆಲವು ಚಾಪೆ ಇವಿಎ ಅಲ್ಲವೇ ಅಲ್ಲ, ಇವಿಎ ಆದರೂ ಬಿಸಿಲಿಗೆಂದು ಮಾಡಿದ್ದಲ್ಲ. ಇಷ್ಟೆಲ್ಲ ಶ್ರಮ ಪಟ್ಟ ಮೇಲೆ ಹಾಸಿನಲ್ಲಿ ಉಳಿತಾಯ ಮಾಡುವುದು ತರವಲ್ಲ.

ದಪ್ಪ ಹೆಚ್ಚಿದಷ್ಟೂ ಸುಖ ಎಂಬ ಭಾವನೆ ಸರಿಯಲ್ಲ. ಕಲಿಕೆಯ ಬೋರ್ಡಿನ ಹಾಸು ಸುಮಾರು ಒಂದೂಕಾಲು ಚದರ ಮೀಟರ್ ಎಂದುಕೊಳ್ಳಿ. 3 ಮಿಲಿಮೀಟರ್ ದಪ್ಪದ ಫೋಮ್ ಹಾಸಿದರೆ ಅರ್ಧ ಕಿಲೋ ಆಸುಪಾಸು ತೂಕ, 6 ಮಿಲಿಮೀಟರ್ ಹಾಸಿದರೆ ಅದರ ಎರಡರಷ್ಟು. ಮೆತ್ತನೆ ದಪ್ಪ ಹಾಸಿನ ಮೇಲೆ ಬೋರ್ಡ್ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತಿದೆ ಎಂಬುದು ಕಾಲಿಗೆ ತಿಳಿಯುವುದೂ ಇಲ್ಲ. ಹಾಗಾಗಿ ಇಡೀ ಮೈಗೆ 3 ಮಿಲಿಮೀಟರ್, ಸ್ಟ್ರಾಪಿನ ಹಿಮ್ಮಡಿ ಜಾಗಕ್ಕೆ ಮಾತ್ರ 6 ಅಥವಾ 8. ಬಣ್ಣ ತಿಳಿಯಾಗಿರಲಿ. ಕಪ್ಪು ಹಾಸು ಬಿಸಿಲಿನಲ್ಲಿ ಕಾದ ಕಾವಲಿಯಾಗುತ್ತದೆ, ಕಾಲು ಸುಡುವುದಲ್ಲದೆ ಅಡಿಯ ಅಂಟನ್ನೂ ಮೆತ್ತಗಾಗಿಸುತ್ತದೆ. ಬೂದಿ ಬಣ್ಣ, ತಿಳಿನೀಲಿ ಒಳ್ಳೆಯವು.

ಒಂದೇ ದೊಡ್ಡ ಹಾಳೆಯಲ್ಲಿ ಮುಗಿಸುವ ಆಸೆ ಬಿಟ್ಟು ನಾಲ್ಕೈದು ತುಂಡು ಮಾಡಿ. ಅಂಟಿಸುವಾಗ ಗುಳ್ಳೆ ಸೇರುವುದಿಲ್ಲ, ತುಂಡುಗಳ ನಡುವೆ 5 ಮಿಲಿಮೀಟರ್ ಸಂದು ಬಿಟ್ಟರೆ ನೀರು ಹರಿದುಹೋಗುತ್ತದೆ, ಮುಂದೆ ಸವೆದ ತುಂಡನ್ನಷ್ಟೇ ಬದಲಿಸಬಹುದು. ಸಂದು ಮಾತ್ರ ಹಿಮ್ಮಡಿಯಡಿ ಬರಬಾರದು. ಎಲ್ಲ ಮೂಲೆಗಳನ್ನೂ ದುಂಡಗೆ ಕತ್ತರಿಸಿ, ಚೂಪು ಮೂಲೆಯೇ ಮೊದಲು ಏಳುವುದು. ಹೊಸ ಬ್ಲೇಡು ಹಾಕಿ ಒಂದೇ ಎಳೆತದಲ್ಲಿ ಕತ್ತರಿಸಿ. ಅಂಚನ್ನು ಮರಳು ಕಾಗದದಲ್ಲಿ ಓರೆ ಮಾಡಿದರೆ ಕಾಲಿಗೆ ತಡೆಯುವುದಿಲ್ಲ. ವೆಂಟ್ ಸ್ಕ್ರೂ ಸುತ್ತ ನಾಣ್ಯದಷ್ಟು ಜಾಗ ಬರಿದಾಗಿರಲಿ.

ಅಂಟಿಸುವುದು

ಮೈಸೂರಿನ ನಮ್ಮ ಬೀದಿ ತಿರುವಿನಲ್ಲಿ ಚಪ್ಪಲಿ ರಿಪೇರಿ ಮಾಡುತ್ತಿದ್ದ ಅಜ್ಜ ಒಬ್ಬರಿದ್ದರು. ಅಟ್ಟೆಗೂ ಚಪ್ಪಲಿಗೂ ಸಲ್ಯೂಷನ್ ಬಳಿದು ಎರಡನ್ನೂ ಬೇರೆ ಬೇರೆ ಇಟ್ಟು ಸುಮ್ಮನೆ ಕೂರುತ್ತಿದ್ದರು. ಶಾಲೆಗೆ ತಡವಾಗುತ್ತಿದೆ ಎಂದು ನಾನು ಅವಸರಪಡಿಸಿದರೆ, "ಒಣಗ್ಲಿ ತಡಿಯಪ್ಪ, ಹಸಿ ಹಸಿಯಾಗಿ ಒತ್ತಿದ್ರೆ ನಾಳೆ ಮತ್ತೆ ಬರ್ತೀಯ" ಎನ್ನುತ್ತಿದ್ದರು. ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟಿನ ಗುಟ್ಟು ಆ ಒಂದು ಮಾತಿನಲ್ಲೇ ಇದೆ. ಅಮೆರಿಕದಲ್ಲಿ ಡ್ಯಾಪ್ ವೆಲ್ಡ್‌ವುಡ್, ನಮ್ಮಲ್ಲಿ ಫೆವಿಕಾಲ್ ಎಸ್‌ಆರ್ ಹೆಸರಿನಲ್ಲಿ ಸಿಗುವ ರಬ್ಬರ್ ಅಂಟುಗಳು ಈ ಜಾತಿಯವು. ಮರಕ್ಕೆ ಬಳಸುವ ಬಿಳಿ ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು.

ಬೋರ್ಡಿನ ಮೈಯನ್ನು 120 ನಂಬರಿನಲ್ಲಿ ಹದವಾಗಿ ಉಜ್ಜಿ ಹೊಳಪು ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ. ಕಾಗದದ ಅಚ್ಚಿನಂತೆ ಪ್ರತಿ ತುಂಡಿನ ಜಾಗ ಗುರುತಿಸಿ, ಸುತ್ತ ಟೇಪು ಹಚ್ಚಿ. ತೂತುಗಳಿಗೆ, ಸೀಳುಗಳಿಗೆ ಅಂಟು ಇಳಿಯದಂತೆ ಮುಚ್ಚಿ. ಈಗ ಬೋರ್ಡಿಗೂ ಫೋಮಿಗೂ ತೆಳ್ಳಗೆ ಅಂಟು ಬಳಿಯಿರಿ. ಫೋಮ್ ಮೊದಲ ಸಲದ್ದನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಎರಡನೇ ಸಲವೂ ಬೇಕು. ಹದಿನೈದು ಇಪ್ಪತ್ತು ನಿಮಿಷ ಬಿಡಿ. ಬೆರಳ ಗೆಣ್ಣು ತಾಗಿಸಿದರೆ ಎಳೆಯೆಳೆಯಾಗಿ ಬರಬಾರದು, ಒಣಗಿದಂತಿರಬೇಕು. ಅದೇ ಹದ. ಈ ಅಂಟಿನ ಆವಿ ತಲೆಸುತ್ತು ತರುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ತೆರೆದ ಜಾಗದಲ್ಲೇ ಮಾಡಿ. ಹತ್ತಿರ ಒಲೆ, ಗೀಸರಿನ ಜ್ವಾಲೆ, ಊದಿನಕಡ್ಡಿ ಏನೂ ಇರಬಾರದು.

ಹದವಾದ ಎರಡು ಮೈಗಳು ಒಮ್ಮೆ ತಾಗಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಅದಕ್ಕೆ ಬೋರ್ಡಿನ ಮೇಲೆ ಅಡ್ಡಡ್ಡ ಏಳೆಂಟು ಒಣ ಬಿದಿರು ಕಡ್ಡಿಗಳನ್ನಿಟ್ಟು, ಅವುಗಳ ಮೇಲೆ ಫೋಮ್ ಇಡಿ. ಕಡ್ಡಿಗೆ ಒಣಗಿದ ಅಂಟು ಹಿಡಿಯುವುದಿಲ್ಲ. ನಾಲ್ಕೂ ಅಂಚು ಗುರುತಿಗೆ ಕೂತಿದೆಯೇ ನೋಡಿ, ನಡುವಿನ ಕಡ್ಡಿ ತೆಗೆದು ಅಲ್ಲಿ ಒತ್ತಿ. ನಡುವಿನಿಂದ ಎರಡೂ ಕಡೆಗೆ ಒಂದೊಂದೇ ಕಡ್ಡಿ ಎಳೆಯುತ್ತ ಒತ್ತುತ್ತ ಸಾಗಿ. ಕೊನೆಗೆ ಚಪಾತಿ ಲಟ್ಟಣಿಗೆ ಹಿಡಿದು ನಡುವಿನಿಂದ ಅಂಚಿಗೆ ಮೈಭಾರ ಹಾಕಿ ಲಟ್ಟಿಸಿ. ಈ ಅಂಟಿಗೆ ಹೊತ್ತಿಗಿಂತ ಒತ್ತಡ ಮುಖ್ಯ.

ಹಿಂಬದಿಗೆ ಅಂಟು ಬಳಿದು ಬರುವ ಹಾಳೆಯಾದರೆ ಕೆಲಸ ಸಲೀಸು. ಕಾಗದವನ್ನು ಒಂದು ತುದಿಯಲ್ಲಿ ನಾಲ್ಕು ಬೆರಳಷ್ಟು ಬಿಡಿಸಿ ಕೂರಿಸಿ, ಅಡಿಯಿಂದ ಕಾಗದ ಎಳೆಯುತ್ತ ಲಟ್ಟಿಸುತ್ತ ಹೋದರಾಯಿತು. ಆದರೆ ಚಳಿಯಲ್ಲಿ ಅದು ಹಿಡಿಯುವುದಿಲ್ಲ. ಬೋರ್ಡು, ಹಾಳೆ ಎರಡೂ 20 ಡಿಗ್ರಿಗಿಂತ ಬೆಚ್ಚಗಿರಲಿ. ಕಲಿಕೆಯ ಬೋರ್ಡಿನ ದೊಡ್ಡ ಮೈಗೆ ನಾನು ಇದನ್ನೇ ಬಳಸುತ್ತೇನೆ. ಹಿಮ್ಮಡಿಯ ದಪ್ಪ ತುಂಡುಗಳಿಗೆ ಮಾತ್ರ ಕಾಂಟ್ಯಾಕ್ಟ್ ಸಿಮೆಂಟ್.

ಸ್ಟ್ರಾಪುಗಳನ್ನು ಮತ್ತೆ ಕೂರಿಸುವಾಗ ಫೋಮಿನ ದಪ್ಪ ಮೊದಲಿಗಿಂತ ಬದಲಾಗಿದ್ದರೆ ಸ್ಕ್ರೂವಿನ ಉದ್ದವೂ ಅಷ್ಟೇ ಬದಲಾಗಬೇಕು. ಹೆಚ್ಚು ಉದ್ದದ್ದು ಸ್ಕ್ರೂ ಕೂರುವ ಪ್ಲಾಸ್ಟಿಕ್ ಗೂಡಿನ ತಳ ಒಡೆದು ತಿರುಳಿಗೆ ನೀರಿನ ದಾರಿ ಮಾಡುತ್ತದೆ, ಗಿಡ್ಡದ್ದು ನಡುನೀರಿನಲ್ಲಿ ಕಿತ್ತು ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅಂಚುಗಳಿಗೆ ಸಿಲಿಕೋನ್ ಹಚ್ಚಬೇಡಿ. ಒಮ್ಮೆ ಸಿಲಿಕೋನ್ ಮೆತ್ತಿದ ಜಾಗಕ್ಕೆ ಮುಂದೆ ಬೇರೆ ಅಂಟು ಹಿಡಿಯುವುದಿಲ್ಲ.

ಮೂರು ದಿನ ನೆರಳಿನಲ್ಲಿ ಬಿಟ್ಟು, ವೆಂಟ್ ಸ್ಕ್ರೂ ಬಿಗಿದು, ಆಮೇಲೆ ನೀರಿಗಿಳಿಸಿ.

ಹಾಸೇ ಬೇಡವೆನ್ನುವವರಿಗೆ

ಪಳಗಿದ ಕೆಲವರು ಫೋಮ್ ಕಿತ್ತು, ತರಿತರಿ ಬಣ್ಣ ಬಳಿದು ಮುಗಿಸುತ್ತಾರೆ. ಉಜ್ಜಿದ ಮೈಗೆ ಎಪಾಕ್ಸಿಯ ತೆಳುಪದರ ಹಚ್ಚಿ, ಹಸಿಯಿರುವಾಗಲೇ ಅಡುಗೆಮನೆಯ ಸಕ್ಕರೆಯನ್ನೋ ಉಪ್ಪನ್ನೋ ಒತ್ತಾಗಿ ಉದುರಿಸುವುದು. ಗಟ್ಟಿಯಾದ ಮೇಲೆ ನೀರು ಹೊಯ್ದರೆ ಸಕ್ಕರೆ ಕರಗಿ, ಅದು ಕೂತಿದ್ದ ಕಡೆ ಸಣ್ಣ ಸಣ್ಣ ಗುಳಿಗಳು ಉಳಿಯುತ್ತವೆ. ಕಾಲಿಗೆ ಒಳ್ಳೆಯ ಹಿಡಿತ. ಹಗುರ, ಅಗ್ಗ. ಆದರೆ ಮಂಡಿಯೂರುವ ಹೊಸಬರಿಗೆ, ಮಕ್ಕಳಿಗೆ ಇದು ಬೇಡ. ಒಂದು ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ.

ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ನಿಂತು ಹುಟ್ಟುಹಾಕುವ ಗಟ್ಟಿ ಪ್ಯಾಡಲ್ ಬೋರ್ಡುಗಳಿಗೂ ಹೊಂದುತ್ತದೆ. ಅವುಗಳ ಮೇಲಿರುವುದೂ ಇದೇ ಇವಿಎ. ಮೂಲ್ಕಿ, ಸಸಿಹಿತ್ಲು ಕಡೆ ಅಂಥ ಬೋರ್ಡುಗಳಿರುವವರಿಗೆ ನಮ್ಮ ಕರಾವಳಿಯ ಬಿಸಿಲು, ಉಪ್ಪು ಗಾಳಿ ಹಾಸನ್ನು ಎಷ್ಟು ಬೇಗ ತಿನ್ನುತ್ತವೆ ಎಂಬುದು ಗೊತ್ತು. ಗಾಳಿ ತುಂಬುವ ಬೋರ್ಡುಗಳ ಮೈ ಪಿವಿಸಿ, ಅದಕ್ಕೆ ಅಂಟೂ ಬೇರೆ, ವಿಧಾನವೂ ಬೇರೆ. ಕರಾವಳಿಯ ಮಳೆಗಾಲದಲ್ಲಿ ಅಂಟಿನ ಕೆಲಸಕ್ಕೆ ಕೈಹಾಕಬೇಡಿ. ಗಾಳಿಯ ತೇವ ಬಳಿದ ಅಂಟಿನ ಮೇಲೆ ಕೂತು ಹಿಡಿತ ಕೆಡಿಸುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸರಿ.

ಮುಂದಿನ ಆರೈಕೆ ಬಹಳವೇನಿಲ್ಲ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಬಿಡದೆ ಬಟ್ಟೆಯ ಚೀಲಕ್ಕೆ ಹಾಕಿ. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನವಿಡೀ ಇಡಬೇಡಿ. ಅಂಚು ಎಲ್ಲಾದರೂ ಉಗುರಷ್ಟು ಎದ್ದರೆ ಅಂದೇ ಒಣಗಿಸಿ ಅಂಟಿಸಿ. ಕಾಗದದ ಅಚ್ಚನ್ನು ಎಸೆಯಬೇಡಿ. ಅದರ ಮೇಲೆ ಫೋಮಿನ ದಪ್ಪ, ಸ್ಕ್ರೂವಿನ ಉದ್ದ, ಬಿರುಕು ಮುಚ್ಚಿದ ಜಾಗ ಮತ್ತು ತಾರೀಕು ಬರೆದು ಸುರುಳಿ ಸುತ್ತಿ ಇಡಿ. ಬೋರ್ಡನ್ನು ಮುಂದೆ ಯಾರಿಗಾದರೂ ಕೊಡುವಾಗ ಆ ಸುರುಳಿಯನ್ನೂ ಜೊತೆಗೆ ಕೊಡಿ.